ಹನ್ನೆರಡು ಜನರ ಕ್ಲಾಸಲ್ಲಿ ಬಚ್ಚಿಟ್ಕೊಳ್ಳೋಕೆ ಜಾಗ ಇರಲ್ಲ

ಹೋದ ವರ್ಷ ಅಕ್ಟೋಬರಲ್ಲಿ ಒಂದಿನ ಬೆಳಗ್ಗೆ ಕಾಫಿ ಕುಡೀತಾ ಕೂತಿದ್ದೆ, ಅಕ್ಕನ ಮಗಳು ಫೋನ್ ಮಾಡಿದ್ಲು. ಅಮೆರಿಕಾದ ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜಲ್ಲಿ ಅವಳದ್ದು ಮೊದಲನೇ ವರ್ಷ. "ಚಿಕ್ಕಮ್ಮ, ಇವತ್ತು ಓದ್ಕೊಳ್ದೆ ಹಿಸ್ಟರಿ ಕ್ಲಾಸಿಗೆ ಹೋಗಿದ್ದೆ, ಇರೋದೇ ಹನ್ನೆರಡು ಜನ, ಪ್ರೊಫೆಸರ್ ನನ್ನ ಹೆಸರು ಕರೆದು ನಿನಗೇನನ್ಸುತ್ತೆ ಅಂತ ಕೇಳಿಬಿಟ್ರು, ಏನೋ ಒಂದು ಹೇಳ್ದೆ. ಕ್ಲಾಸ್ ಮುಗಿದ್ಮೇಲೆ ಕರೆದು, ಹುಷಾರಾಗಿದೀಯ ತಾನೆ, ಸರಿಯಾಗಿ ನಿದ್ದೆ ಮಾಡ್ತಿದೀಯಾ ಅಂತ ಕೇಳಿದ್ರು. ಬೈದಿದ್ರೇ ಚೆನ್ನಾಗಿತ್ತು, ನನಗೆ ಅಳು ಬಂದ್ಬಿಡ್ತು" ಅಂದ್ಲು.

ನಾನು ಬಿಎಸ್ಸಿ ಮಾಡಿದ್ದು ನಮ್ಮೂರ ಹತ್ರದ ಡಿಗ್ರಿ ಕಾಲೇಜಲ್ಲಿ, ಒಂದು ಸೆಕ್ಷನ್ನಿಗೆ ನೂರಹತ್ತು ಜನ, ನಾನು ರೋಲ್ ನಂಬರ್ ಅರವತ್ಮೂರು. ಮೂರು ವರ್ಷದಲ್ಲಿ ಒಬ್ಬ ಲೆಕ್ಚರರ್ ಕೂಡ ನನ್ನ ಹೆಸರು ಹಿಡಿದು ಕರೆದ ನೆನಪಿಲ್ಲ. ಅವರ ತಪ್ಪೂ ಅಲ್ಲ ಅದು, ನೂರಹತ್ತು ಮುಖ ಯಾರಿಗೆ ನೆನಪಿರುತ್ತೆ. ಹಾಗಾಗಿ ಇವಳು ಹೇಳೋದನ್ನ ಕೇಳ್ತಾ ಕೇಳ್ತಾ ನನಗೆ ಕುತೂಹಲ ಹೆಚ್ಚಾಯ್ತು, ಇಂಥ ಕಾಲೇಜಿನ ಹುಡುಗ್ರು ತಮ್ಮ ಓದಿನ ಬಗ್ಗೆ, ಮೇಷ್ಟ್ರ ಬಗ್ಗೆ ಏನ್ ಹೇಳ್ತಾರೆ ಅಂತ ಸಿಕ್ಕಿದ್ದೆಲ್ಲ ಓದೋಕೆ ಶುರು ಮಾಡ್ದೆ. ಮೊದಮೊದಲು ತಲೆ ಕೆಟ್ಟುಹೋಯ್ತು, ಒಬ್ರು ಸ್ವರ್ಗ ಅಂತಾರೆ, ಅದೇ ಕಾಲೇಜಿನ ಇನ್ನೊಬ್ರು ಉಸಿರು ಕಟ್ಟುತ್ತೆ ಅಂತಾರೆ. ಆಮೇಲೆ ನಿಧಾನಕ್ಕೆ ಗೊತ್ತಾಗಿದ್ದು, ಇಬ್ರೂ ಹೇಳ್ತಿರೋದು ಒಂದೇ ವಿಷಯ. ಅಲ್ಲಿ ಮೇಷ್ಟ್ರಿಗೆ ನೀವು ಯಾರು ಅಂತ ಗೊತ್ತು. ಹೊಗಳಿಕೆ ಹುಟ್ಟೋದೂ ಅಲ್ಲಿಂದಾನೇ, ದೂರು ಹುಟ್ಟೋದೂ ಅಲ್ಲಿಂದಾನೇ. ಇದೊಂದು ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲ ಬಿಡಿಸಿಕೊಳ್ಳುತ್ತೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ, ಯಾಕಂದ್ರೆ ನಮ್ಮನೇಲಿ ಇದೇ ದೊಡ್ಡ ಜಗಳ ಆಗಿತ್ತು. ಪಿಸಿಎಂಬಿ ತಗೊಂಡು ಇಷ್ಟು ಒಳ್ಳೆ ಮಾರ್ಕ್ಸ್ ತೆಗೆದು ಈಗ ಹೋಗಿ ಹೋಗಿ ಆರ್ಟ್ಸಾ ಅಂತ ಭಾವ ಎರಡು ವಾರ ಸರಿಯಾಗಿ ಮಾತಾಡಿರ್ಲಿಲ್ಲ. ಇಲ್ಲಿ ಆರ್ಟ್ಸ್ ಅಂದ್ರೆ ನಮ್ಮ ಬಿಎ ಅಲ್ಲ, ಲಿಬರಲ್ ಅಂದ್ರೆ ರಾಜಕೀಯದ ಲಿಬರಲ್ಲೂ ಅಲ್ಲ. ಲ್ಯಾಟಿನ್ನಿನಿಂದ ಬಂದ ಮಾತು, ಸ್ವತಂತ್ರ ಮನುಷ್ಯನಿಗೆ ಬೇಕಾದ ವಿದ್ಯೆಗಳು ಅಂತ ಅರ್ಥ. ಯುರೋಪಲ್ಲಿ ಮಧ್ಯಯುಗದಲ್ಲಿ ಏಳು ವಿದ್ಯೆ ಅಂತ ಎಣಿಸ್ತಿದ್ರು: ವ್ಯಾಕರಣ, ತರ್ಕ, ಮಾತುಗಾರಿಕೆ ಮೂರು, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ನಾಲ್ಕು. ನೋಡಿ, ಅರ್ಧಕ್ಕಿಂತ ಜಾಸ್ತಿ ಲೆಕ್ಕವೇ. ಈಗಲೂ ಈ ಕಾಲೇಜುಗಳಲ್ಲಿ ಫಿಸಿಕ್ಸ್, ಬಯಾಲಜಿ, ಕಂಪ್ಯೂಟರ್ ಸೈನ್ಸ್ ಎಲ್ಲಾ ಇರುತ್ತೆ, ಫಿಲಡೆಲ್ಫಿಯಾ ಪಕ್ಕದ ಸ್ವಾರ್ಥ್‌ಮೋರ್ ಕಾಲೇಜಲ್ಲಂತೂ ಇಂಜಿನಿಯರಿಂಗೂ ಇದೆ.

ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ, ವರ್ಷಕ್ಕೆ ಎರಡು ಟರ್ಮು, ಒಂದು ಟರ್ಮಿಗೆ ನಾಲ್ಕು ಕೋರ್ಸು, ಒಟ್ಟು 32. ವಿಲಿಯಮ್ಸ್, ಆಮ್ಹರ್ಸ್ಟ್, ಸ್ವಾರ್ಥ್‌ಮೋರ್ ಅನ್ನೋ ಮೂರು ಕಾಲೇಜಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಯಾವ ವಿಷಯದಲ್ಲಿ ಮೇಜರ್ ಮಾಡ್ತೀನಿ, ಅಂದ್ರೆ ಯಾವುದನ್ನ ಮುಖ್ಯವಾಗಿ ಓದ್ತೀನಿ ಅಂತ ಎರಡನೇ ವರ್ಷದ ಹೊತ್ತಿಗೆ ಹೇಳಿದ್ರೆ ಸಾಕು. ಇಡೀ ಕಾಲೇಜಲ್ಲಿ ಹದಿನೈದು ನೂರರಿಂದ ಎರಡೂವರೆ ಸಾವಿರ ಹುಡುಗ್ರು ಇದ್ರೆ ಹೆಚ್ಚು. ಮುಖ್ಯವಾದ್ದು ಇನ್ನೊಂದಿದೆ, ಇಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಇರಲ್ಲ. ದೊಡ್ಡ ಯೂನಿವರ್ಸಿಟಿಗಳಲ್ಲಿ ಮುನ್ನೂರು ಜನರಿಗೆ ಪ್ರೊಫೆಸರ್ ಭಾಷಣ ಮಾಡಿ ಹೋಗ್ತಾರೆ, ಡೌಟ್ ಬಗೆಹರಿಸೋದು, ಪೇಪರ್ ತಿದ್ದೋದು ಎಲ್ಲಾ ಪಿಎಚ್‌ಡಿ ಮಾಡ್ತಿರೋ ಅಸಿಸ್ಟೆಂಟ್‌ಗಳು. ಇಲ್ಲಿ ನಿಮ್ಮ ಪ್ರಬಂಧ ಓದಿ ಅಂಚಲ್ಲಿ ಗೀಚೋದು, ಲ್ಯಾಬಲ್ಲಿ ಪಕ್ಕ ನಿಲ್ಲೋದು, ಆಮೇಲೆ ಎಂಎಸ್‌ಗೆ ರೆಕಮೆಂಡೇಶನ್ ಬರೆಯೋದು ಎಲ್ಲಾ ಒಬ್ರೇ ಪ್ರೊಫೆಸರ್.

ನಿಯಮ ಮಾತ್ರ ಕಾಲೇಜಿಂದ ಕಾಲೇಜಿಗೆ ಬೇರೆ. ಆಮ್ಹರ್ಸ್ಟಲ್ಲಿ ಎಲ್ರೂ ಕಡ್ಡಾಯವಾಗಿ ಮಾಡಬೇಕಾದ್ದು ಮೊದಲ ವರ್ಷದ ಒಂದು ಸೆಮಿನಾರ್, ಅಂದ್ರೆ ಸಣ್ಣ ಗುಂಪಿನ ಚರ್ಚೆಯ ಕ್ಲಾಸು, ಅಷ್ಟೇ, ಅಯೋವಾ ರಾಜ್ಯದ ಗ್ರಿನ್ನೆಲ್‌ನಲ್ಲೂ ಹಾಗೇ ಒಂದು ಟ್ಯುಟೋರಿಯಲ್, ಮಿಕ್ಕಿದ್ದು ನಿಮ್ಮ ಮೇಜರ್ರು, ನಿಮ್ಮ ಆಸಕ್ತಿ. ಕೊಲೊರಾಡೊ ಕಾಲೇಜಲ್ಲಿ 1970ರಿಂದ ಒಂದು ಸಲಕ್ಕೆ ಒಂದೇ ಕೋರ್ಸು, ಮೂರೂವರೆ ವಾರ ಬೇರೇನೂ ಇಲ್ಲ.

ಈಗ ಮೇಷ್ಟ್ರ ವಿಷಯಕ್ಕೆ ಬರೋಣ. ಮ್ಯಾಸಚೂಸೆಟ್ಸಿನ ಬೆಟ್ಟಗಳ ನಡುವಿನ ವಿಲಿಯಮ್ಸ್ ಕಾಲೇಜು 1793ರದ್ದು. 19ನೇ ಶತಮಾನದಲ್ಲಿ ಅಲ್ಲಿ ಮಾರ್ಕ್ ಹಾಪ್ಕಿನ್ಸ್ ಅನ್ನೋರು 1836ರಿಂದ 1872ರವರೆಗೆ ಪ್ರೆಸಿಡೆಂಟ್ ಆಗಿದ್ರು, ಪಾಠಾನೂ ಮಾಡ್ತಿದ್ರು. ಅವರ ಕೈಕೆಳಗೆ ಓದಿದ ಜೇಮ್ಸ್ ಗಾರ್ಫೀಲ್ಡ್ ಮುಂದೆ ಅಮೆರಿಕಾದ ಅಧ್ಯಕ್ಷನೇ ಆದ. ಒಳ್ಳೆ ಕಾಲೇಜಿಗೆ ಏನ್ ಬೇಕು ಅಂದ್ರೆ ಒಂದು ಮರದ ದಿಮ್ಮಿ, ಆ ತುದೀಲಿ ಹಾಪ್ಕಿನ್ಸ್, ಈ ತುದೀಲಿ ಒಬ್ಬ ವಿದ್ಯಾರ್ಥಿ, ಅಷ್ಟು ಸಾಕು ಅನ್ನೋ ಅರ್ಥದ ಮಾತು ಗಾರ್ಫೀಲ್ಡ್ ಹೆಸರಲ್ಲಿ ಇವತ್ತಿಗೂ ಓಡಾಡುತ್ತೆ. ನಮಗಿದು ಹೊಸ ಭಾವನೆ ಅಲ್ಲ, ಮೈಸೂರು ಮಹಾರಾಜಾ ಕಾಲೇಜಿನ ಕಥೆ ಕೇಳಿದೋರಿಗೆ ಗೊತ್ತು, ಕುವೆಂಪು ತಮ್ಮ ಮಹಾಕಾವ್ಯಾನ ಅರ್ಪಿಸಿದ್ದು ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರಿಗೆ. ವಿದ್ಯಾರ್ಥಿ ಮೇಷ್ಟ್ರ ಬಗ್ಗೆ ಕೊಟ್ಟ ಅಭಿಪ್ರಾಯ ಅಂದ್ರೆ ನನಗೆ ಮೊದಲು ನೆನಪಾಗೋದೇ ಅದು.

ಆ ದಿಮ್ಮಿಯ ಕಲ್ಪನೇನ ವಿಲಿಯಮ್ಸಿನೋರು ಒಂದು ಪದ್ಧತಿಯಾಗೇ ಮಾಡ್ಕೊಂಡಿದಾರೆ, ಟ್ಯುಟೋರಿಯಲ್ ಅಂತ. ಇಬ್ರು ವಿದ್ಯಾರ್ಥಿಗಳು, ಒಬ್ರು ಪ್ರೊಫೆಸರ್, ವಾರಕ್ಕೊಂದು ಸಲ ಸುಮಾರು ಒಂದು ಗಂಟೆ ಕೂರ್ತಾರೆ. ಈ ವಾರ ನೀವು ಐದಾರು ಪುಟ ಬರ್ಕೊಂಡು ಬರ್ಬೇಕು, ನಿಮ್ಮ ಜೊತೆಗಾರ ಅದನ್ನ ಓದಿ ಎಲ್ಲೆಲ್ಲಿ ಜಾರಿದೀರಾ ಅಂತ ನಿಮ್ಮೆದುರೇ ಹೇಳ್ಬೇಕು, ಮುಂದಿನ ವಾರ ಅದಲು ಬದಲು. ಪ್ರೊಫೆಸರ್ ಮಾತಾಡೋದು ಕಮ್ಮಿ, ಕೇಳೋದು ಜಾಸ್ತಿ. ಯೋಚನೆ ಮಾಡಿ, ಕೋಣೇಲಿ ಇರೋದು ಮೂರೇ ಜನ, ಅದರಲ್ಲಿ ನೀವು ಓದಿಲ್ಲ ಅಂದ್ರೆ ಆ ಗಂಟೆ ಹೆಂಗೆ ಕಳೀಬೇಕು. ಕಾಲೇಜಲ್ಲಿ ಮಾಡಿದ ಅತ್ಯಂತ ಒಳ್ಳೆ ಕೆಲಸ ಇದು ಅಂತ ಅದನ್ನ ಮುಗಿಸಿದೋರು ಹೇಳ್ತಾರೆ, ಅವರೇ ಆ ಟರ್ಮಲ್ಲಿ ಎಷ್ಟು ರಾತ್ರಿ ನಿದ್ದೆಗೆಟ್ಟೆ ಅಂತಲೂ ಹೇಳ್ತಾರೆ.

ಸ್ವಾರ್ಥ್‌ಮೋರಿಂದು ನನಗೆ ಇನ್ನೂ ಇಷ್ಟ ಆದ ವ್ಯವಸ್ಥೆ. 1922ರಲ್ಲಿ ಫ್ರಾಂಕ್ ಐಡೆಲಾಟ್ ಅನ್ನೋ ಪ್ರೆಸಿಡೆಂಟ್ ಆನರ್ಸ್ ಅಂತ ಒಂದು ದಾರಿ ಶುರು ಮಾಡಿದ್ರು, ಆಕ್ಸ್‌ಫರ್ಡಲ್ಲಿ ಓದಿ ಬಂದಿದ್ದೋರು ಅವರು. ಆನರ್ಸ್ ತಗೊಂಡೋರು ಸಣ್ಣ ಸಣ್ಣ ಸೆಮಿನಾರಲ್ಲಿ ಆಳವಾಗಿ ಓದ್ತಾರೆ, ಕೊನೇಲಿ ಅವರನ್ನ ಪರೀಕ್ಷೆ ಮಾಡೋದು ಪಾಠ ಹೇಳಿದ ಪ್ರೊಫೆಸರ್ ಅಲ್ಲ, ಬೇರೆ ಯೂನಿವರ್ಸಿಟಿಗಳಿಂದ ಬರೋ ಪರಿಣಿತರು, ಬರವಣಿಗೆ ಮುಗಿದ್ಮೇಲೆ ಎದುರು ಕೂರಿಸಿ ಪ್ರಶ್ನೆಯೂ ಕೇಳ್ತಾರೆ. ನಮ್ಮಲ್ಲೂ ಪ್ರಾಕ್ಟಿಕಲ್ಸ್‌ಗೆ ಎಕ್ಸ್‌ಟರ್ನಲ್ ಬರ್ತಿದ್ರು, ವೈವಾ ಇರ್ತಿತ್ತು, ಆದ್ರೆ ಎಕ್ಸ್‌ಟರ್ನಲ್ ಯಾರು, ಸ್ಟ್ರಿಕ್ಟಾ, ಏನ್ ಕೇಳ್ತಾರೆ ಅನ್ನೋದಷ್ಟೇ ನಮ್ಮ ಚಿಂತೆ. ಅಲ್ಲಿ ಇದರಿಂದ ಮೇಷ್ಟ್ರು ವಿದ್ಯಾರ್ಥಿ ಸಂಬಂಧವೇ ಬದಲಾಗುತ್ತೆ. ಆನರ್ಸ್ ಕೊಡ್ಬೇಕಾ ಬೇಡ್ವಾ ಅನ್ನೋ ಕೊನೇ ತೀರ್ಮಾನ ಮೇಷ್ಟ್ರ ಕೈಲಿ ಇಲ್ಲ ಅಂದ್ಮೇಲೆ ಅವರನ್ನ ಮೆಚ್ಚಿಸೋ ಅಗತ್ಯಾನೂ ಇಲ್ಲ, ಹೆದರೋ ಅಗತ್ಯಾನೂ ಇಲ್ಲ, ಇಬ್ರೂ ಸೇರಿ ಹೊರಗಿನಿಂದ ಬರೋರಿಗೆ ತಯಾರಾಗ್ತಾರೆ. ಪ್ರೊಫೆಸರ್ ಒಬ್ಬ ಕೋಚ್ ಇದ್ದಂಗೆ. ನಮ್ಮ ಇಂಟರ್ನಲ್ ಮಾರ್ಕ್ಸ್‌ಗೋಸ್ಕರ ಲೆಕ್ಚರರ್ ಮುಂದೆ ತಲೆ ತಗ್ಗಿಸಿ ನಿಂತ ಪ್ರತಿಯೊಬ್ರೂ ಇದರ ಬೆಲೆ ತಕ್ಷಣ ಅರ್ಥ ಮಾಡ್ಕೋತಾರೆ.

ಓದಿನ ಹೊರೆ ಬಗ್ಗೆ ದೂರು ಎಲ್ಲಾ ಕಡೆ ಇದೆ. ಸ್ವಾರ್ಥ್‌ಮೋರ್ ಹುಡುಗ್ರು ಟೀ ಶರ್ಟ್ ಮೇಲೇ ಹಾಕಿಸ್ಕೊಂಡಿದ್ರು, ಬೇರೆ ಎಲ್ಲಾದ್ರೂ ಆಗಿದ್ರೆ ಇದಕ್ಕೆ ಎ ಸಿಗ್ತಿತ್ತು ಅಂತ. ಅದಕ್ಕೇ ಇರ್ಬೇಕು ಅಲ್ಲಿ ಮೊದಲನೇ ಸೆಮಿಸ್ಟರಿಗೆ ಗ್ರೇಡೇ ಲೆಕ್ಕಕ್ಕಿಲ್ಲ, ಪಾಸಾದ್ರೆ ಕ್ರೆಡಿಟ್ ಅಷ್ಟೇ, ಮನೆ ಬಿಟ್ಟು ಬಂದ ಮಕ್ಕಳು ಮೊದಲು ಉಸಿರಾಡಲಿ ಅಂತ. ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಲ್ಲಿರೋ ರೀಡ್ ಕಾಲೇಜು ಇನ್ನೂ ಮುಂದೆ ಹೋಗಿದೆ. ಅಲ್ಲಿ ಗ್ರೇಡ್ ಹಾಕ್ತಾರೆ, ಟ್ರಾನ್ಸ್‌ಕ್ರಿಪ್ಟಲ್ಲಿ ಇರುತ್ತೆ, ಆದ್ರೆ ಪಾಸಾಗಿ ಸರಿಯಾಗಿ ನಡೀತಿರೋ ವಿದ್ಯಾರ್ಥಿಗೆ ತಾನಾಗೇ ಕೈಗೆ ಕೊಡಲ್ಲ, ಬೇಕಿದ್ರೆ ಹೋಗಿ ಕೇಳಿ ತಿಳ್ಕೋಬಹುದು. ಪೇಪರ್ ವಾಪಸ್ ಬರುವಾಗ ನಂಬರ್ ಬದಲು ಪುಟಗಟ್ಟಲೆ ಟಿಪ್ಪಣಿ ಇರುತ್ತೆ. ಕೆಲವರಿಗೆ ಇದು ದೊಡ್ಡ ಬಿಡುಗಡೆ, ಪಕ್ಕದವನಿಗೆ ಎಷ್ಟು ಬಂತು ಅಂತ ಇಣುಕೋದು ನಿಲ್ಲುತ್ತೆ. ಇನ್ನು ಕೆಲವರಿಗೆ ಕತ್ತಲಲ್ಲಿ ನಡೆದಂಗೆ, ಚೆನ್ನಾಗಿ ಮಾಡ್ತಿದೀನೋ ಇಲ್ವೋ ಅಂತಲೇ ಗೊತ್ತಾಗದೆ ಇನ್ನೂ ಜಾಸ್ತಿ ಕೆಲಸ ಮಾಡಿ ಸುಸ್ತಾಗ್ತಾರೆ. ಕೊನೇ ವರ್ಷ ಅಲ್ಲಿ ಎಲ್ರೂ, ಯಾವ ವಿಷಯದೋರೇ ಆಗ್ಲಿ, ಥೀಸಿಸ್ ಬರೆಯಲೇಬೇಕು, ಪ್ರೊಫೆಸರ್‌ಗಳ ಎದುರು ಕೂತು ಅದನ್ನ ಸಮರ್ಥಿಸಿಕೊಳ್ಳಲೇಬೇಕು, ಬರೆದು ಕೊಟ್ಟ ದಿನ ಕ್ಯಾಂಪಸಲ್ಲಿ ಮೆರವಣಿಗೆ ಮಾಡ್ತಾರೆ. ವರ್ಷ ಪೂರ್ತಿ ಒಬ್ಬ ಪ್ರೊಫೆಸರ್ ವಾರವಾರ ನಿಮ್ಮ ಜೊತೆ ಕೂತು ನಿಮ್ಮ ವಿಷಯ ಮಾತ್ರ ಮಾತಾಡೋದು, ಇಪ್ಪತ್ತೊಂದು ವರ್ಷದ ಹುಡುಗನಿಗೋ ಹುಡುಗಿಗೋ ಅದು ಸಣ್ಣ ಗೌರವ ಅಲ್ಲ.

ಹಾಗಂತ ವಿದ್ಯಾರ್ಥಿಗಳು ಹೇಳಿದ್ದೆಲ್ಲ ಹಾಗೇ ನಂಬಬೇಕಾ? ಇಲ್ಲಿ ಸ್ವಲ್ಪ ನಿಧಾನ ಮಾಡ್ಬೇಕು. ವೆಲ್ಲೆಸ್ಲಿ ಅಂತ ಹೆಣ್ಣುಮಕ್ಕಳ ಕಾಲೇಜಿದೆ, ಬಾಸ್ಟನ್ ಹತ್ರ. ಕೆಲವು ವಿಭಾಗಗಳಲ್ಲಿ ಎಲ್ರಿಗೂ ಎ ಕೊಡೋದು ಜಾಸ್ತಿ ಆಯ್ತು ಅಂತ 2004ರಲ್ಲಿ ಒಂದು ನಿಯಮ ತಂದ್ರು, ಕೆಳಗಿನ ಹಂತದ ಕೋರ್ಸಲ್ಲಿ ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಕ್ಲಾಸಾದ್ರೆ ಸರಾಸರಿ ಗ್ರೇಡ್ ಬಿ ಪ್ಲಸ್ ದಾಟಬಾರದು ಅಂತ. ಹತ್ತು ವರ್ಷ ಆದ್ಮೇಲೆ ಅದೇ ಕಾಲೇಜಿನ ಮೂವರು ಎಕನಾಮಿಕ್ಸ್ ಪ್ರೊಫೆಸರ್‌ಗಳು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದ್ರು. ಗ್ರೇಡ್ ಇಳಿದ ವಿಭಾಗಗಳಲ್ಲಿ ಸೇರೋರೂ ಕಮ್ಮಿ ಆದ್ರು, ಜೊತೆಗೆ ಅಲ್ಲಿನ ಪ್ರೊಫೆಸರ್‌ಗಳ ಬಗ್ಗೆ ವಿದ್ಯಾರ್ಥಿಗಳು ಕೊಡೋ ಅಂಕಾನೂ ಇಳೀತು. ಮುಂದೆ ಆ ನಿಯಮಾನ ಕೈಬಿಟ್ರು. ಹಾಗಾಗಿ ಯಾರಾದ್ರೂ ಈ ಮೇಷ್ಟ್ರು ಅದ್ಭುತ ಅಂದ್ರೆ, ಪಾಠ ಅದ್ಭುತವೋ ಗ್ರೇಡ್ ಅದ್ಭುತವೋ ಅಂತ ಒಂದು ಸಲ ಕೇಳ್ಕೋಬೇಕಾಗುತ್ತೆ.

ಇನ್ನೊಂದು ಹಳೇ ಪ್ರಯೋಗ, ಲಿಬರಲ್ ಆರ್ಟ್ಸ್ ಕಾಲೇಜಿಂದಲ್ಲ, ಆದ್ರೆ ಇಲ್ಲಿ ತುಂಬಾ ಹೊಂದುತ್ತೆ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನಟನಿಗೆ ಡಾಕ್ಟರ್ ಫಾಕ್ಸ್ ಅಂತ ಹೆಸರು ಕೊಟ್ಟು, ಅವನಿಗೆ ಏನೇನೂ ಗೊತ್ತಿಲ್ಲದ ವಿಷಯದ ಮೇಲೆ, ಗಟ್ಟಿ ತಿರುಳೇ ಇಲ್ಲದ ಭಾಷಣ ಮಾಡಿಸಿದ್ರು. ಕೇಳಿದೋರು ಮನೋವೈದ್ಯರು, ಶಿಕ್ಷಣ ತಜ್ಞರು. ಮಾತಿನ ಶೈಲಿ ಚೆನ್ನಾಗಿತ್ತು, ನಗಿಸ್ದ, ಹೆಚ್ಚಿನೋರು ಒಳ್ಳೆ ಅಭಿಪ್ರಾಯ ಬರೆದು ಕೊಟ್ರು. ತಜ್ಞರ ಕಥೆಯೇ ಹೀಗಾದ್ರೆ ಹದಿನೆಂಟು ವರ್ಷದ ಮಕ್ಕಳನ್ನ ದೂರೋದು ಸರಿಯಲ್ಲ. 2015ರಲ್ಲಿ ಬಂದ ಇನ್ನೊಂದು ಸಣ್ಣ ಅಧ್ಯಯನದಲ್ಲಿ ಆನ್‌ಲೈನ್ ಕೋರ್ಸಿನ ಇಬ್ರು ಶಿಕ್ಷಕರು ತಮ್ಮ ಹೆಸರು ಅದಲು ಬದಲು ಮಾಡ್ಕೊಂಡು ಪಾಠ ಮಾಡಿದ್ರು, ಒಬ್ರು ಗಂಡಸು ಒಬ್ರು ಹೆಂಗಸು. ಪೇಪರ್ ತಿದ್ದಿ ವಾಪಸ್ ಕೊಟ್ಟ ಸಮಯ ಒಂದೇ, ಆದ್ರೂ ಹೆಣ್ಣು ಹೆಸರಿದ್ದ ಕಡೆ ಬೇಗ ವಾಪಸ್ ಕೊಡ್ತಾರಾ ಅನ್ನೋ ಪ್ರಶ್ನೆಗೂ ಕಮ್ಮಿ ಅಂಕ ಬಂತು. ಇದನ್ನ ಓದಿದಾಗ ನನಗೆ ನಿಜವಾಗ್ಲೂ ಬೇಜಾರಾಯ್ತು. ಪ್ರೊಫೆಸರ್‌ಗಳಿಗೆ ಅಂಕ ಕೊಡೋ ಅಮೆರಿಕಾದ ಒಂದು ಪ್ರಸಿದ್ಧ ವೆಬ್‌ಸೈಟಲ್ಲಿ ನೋಡೋಕೆ ಚೆನ್ನಾಗಿದಾರಾ ಅನ್ನೋದಕ್ಕೆ ಮೆಣಸಿನಕಾಯಿ ಗುರುತು ಬೇರೆ ಇತ್ತು, 2018ರಲ್ಲಿ ತೆಗೆದ್ರು.

ಇಷ್ಟೆಲ್ಲಾ ಹೇಳಿದ್ರೂ ಸಣ್ಣ ಕಾಲೇಜಲ್ಲಿ ವಿದ್ಯಾರ್ಥಿಗಳ ಮಾತಿಗೆ ತೂಕ ಇದೆ, ಯಾಕಂದ್ರೆ ಅಲ್ಲಿ ಪ್ರೊಫೆಸರ್ ಕೆಲಸ ಕಾಯಂ ಆಗೋದ್ರಲ್ಲಿ ಪಾಠ ಹೇಗೆ ಮಾಡ್ತಾರೆ ಅನ್ನೋದು ದೊಡ್ಡ ಪಾಲು. ಟೆನ್ಯೂರ್ ಅಂತಾರೆ, ಐದಾರು ವರ್ಷ ಪರೀಕ್ಷೆ ಕಾಲ, ಆಮೇಲೆ ಕಾಯಂ ಆದ್ರೆ ಆಯ್ತು, ಇಲ್ಲಾಂದ್ರೆ ಗಂಟುಮೂಟೆ ಕಟ್ಬೇಕು. ಎಷ್ಟೋ ಕಡೆ ಹಳೇ ವಿದ್ಯಾರ್ಥಿಗಳಿಂದ ಪತ್ರಾನೇ ತರಿಸ್ಕೋತಾರೆ. ಹಾಗಾಗಿ ಅಲ್ಲಿ ಒಬ್ಬ ಹುಡುಗಿ ಬರೆದ ನಾಲ್ಕು ಸಾಲು ಒಬ್ಬ ಪ್ರೊಫೆಸರ್ ಸಂಸಾರ ಯಾವ ಊರಲ್ಲಿ ಇರುತ್ತೆ ಅನ್ನೋದನ್ನೇ ಬದಲಿಸಬಹುದು, ಅದು ಗೊತ್ತಿದ್ದು ಬರೆಯೋ ಮಕ್ಕಳು ಎಷ್ಟು ಜವಾಬ್ದಾರಿಯಿಂದ ಬರೀತಾರೆ ಅನ್ನೋದನ್ನೂ ನಾನು ಅಕ್ಕನ ಮಗಳ ಬಾಯಲ್ಲೇ ಕೇಳಿದೀನಿ.

ಸಣ್ಣದಾಗಿರೋದ್ರ ಕಷ್ಟ ಏನು ಅಂದ್ರೆ, ವಿಭಾಗದಲ್ಲಿ ನಾಲ್ಕೇ ಪ್ರೊಫೆಸರ್ ಇರ್ತಾರೆ ಅಂತಿಟ್ಕೊಳ್ಳಿ. ಅದರಲ್ಲಿ ಒಬ್ರ ಜೊತೆ ನಿಮಗೆ ಸರಿಹೋಗ್ಲಿಲ್ಲ ಅಂದ್ರೆ ಮೇಜರಿನ ಕಾಲು ಭಾಗ ಅವರ ಹತ್ರಾನೇ ಓದ್ಬೇಕು, ತಪ್ಪಿಸ್ಕೊಳ್ಳೋಕೆ ಆಗಲ್ಲ. ಇನ್ನೊಬ್ರು ಸಂಶೋಧನೆಗೆ ಅಂತ ವರ್ಷ ಪೂರ್ತಿ ರಜೆ ಹೋದ್ರು, ನಿಮಗೆ ಬೇಕಾದ ಕೋರ್ಸ್ ಆ ವರ್ಷ ಇಲ್ಲ. ಅವರ ಜಾಗಕ್ಕೆ ಒಂದೆರಡು ವರ್ಷಕ್ಕೆ ಅಂತ ವಿಸಿಟಿಂಗ್ ಪ್ರೊಫೆಸರ್ ಬರ್ತಾರೆ, ಎಷ್ಟೋ ಸಲ ಅವರೇ ಎಲ್ರಿಗಿಂತ ಚೆನ್ನಾಗಿ ಪಾಠ ಮಾಡ್ತಾರೆ, ಹುಡುಗ್ರು ಹಚ್ಚಿಕೊಳ್ಳೋ ಹೊತ್ತಿಗೆ ಹೊರಟೋಗ್ತಾರೆ. ನಮ್ಮ ಸರ್ಕಾರಿ ಡಿಗ್ರಿ ಕಾಲೇಜುಗಳ ಅತಿಥಿ ಉಪನ್ಯಾಸಕರನ್ನ ನೋಡಿದೋರಿಗೆ ಈ ನೋವು ಹೊಸದಲ್ಲ. ಒಂದು ಕ್ಲಾಸಿಗೆ ಹದಿನೈದೇ ಸೀಟು ಅಂದ್ಮೇಲೆ ರಿಜಿಸ್ಟ್ರೇಶನ್ ದಿನ ವೇಟ್‌ಲಿಸ್ಟ್, ಕೊನೇ ವರ್ಷದೋರಿಗೆ ಮೊದಲು, ಹೊಸಬರು ಕಾಯ್ಬೇಕು. ಮತ್ತೆ ಕ್ಲಾಸಲ್ಲಿ ಜಗಳ ಆಡಿದ ಪ್ರೊಫೆಸರ್ರೇ ಸಂಜೆ ಊಟದ ಹಾಲಲ್ಲಿ ತಟ್ಟೆ ಹಿಡ್ಕೊಂಡು ಎದುರು ಬರ್ತಾರೆ.

ಮೇಷ್ಟ್ರ ಜೊತೆ ಜಗಳ ಅಂದ್ನಲ್ಲ, ಅದು ಪಠ್ಯದ ಮಟ್ಟಕ್ಕೂ ಹೋಗುತ್ತೆ. ರೀಡ್ ಕಾಲೇಜಲ್ಲಿ ಮೊದಲ ವರ್ಷದೋರೆಲ್ಲ ಓದಲೇಬೇಕಾದ ಹ್ಯುಮ್ಯಾನಿಟೀಸ್ 110 ಅನ್ನೋ ಕೋರ್ಸಿದೆ, ಆಗ ಅದರಲ್ಲಿ ಬಹುಪಾಲು ಗ್ರೀಕ್, ರೋಮ್ ಸುತ್ತಮುತ್ತಲಿನ ಪ್ರಾಚೀನ ಲೋಕವೇ ಇರ್ತಿತ್ತು. ನಮ್ಮ ಪೂರ್ವಜರು ಇದರಲ್ಲಿ ಎಲ್ಲಿದಾರೆ ಅಂತ 2016ರಿಂದ ವಿದ್ಯಾರ್ಥಿಗಳು ಕ್ಲಾಸಿನೊಳಗೇ ಬೋರ್ಡ್ ಹಿಡ್ಕೊಂಡು ಕೂತ್ರು. ಕೆಲವು ಪ್ರೊಫೆಸರ್‌ಗಳಿಗೆ, ಕೆಲವು ಸಹಪಾಠಿಗಳಿಗೂ, ಪಾಠವೇ ಮಾಡೋಕಾಗ್ತಿಲ್ಲ, ಕೇಳೋಕಾಗ್ತಿಲ್ಲ ಅಂತ ಸಂಕಟ ಆಯ್ತು. ಕೊನೆಗೆ ಕೋರ್ಸ್ ಬದಲಾಯ್ತು, ಮೆಕ್ಸಿಕೋ ಸಿಟಿ, ನ್ಯೂಯಾರ್ಕಲ್ಲಿ ಕಪ್ಪು ಜನರ ಹಳೇ ಬಡಾವಣೆ ಹಾರ್ಲೆಮ್ ಎಲ್ಲಾ ಸೇರ್ಕೊಂಡ್ವು. ಕ್ಲಾಸಿನೊಳಗೆ ಪ್ರತಿಭಟನೆ ಮಾಡಿದ ರೀತಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದ್ರೆ ನಮಗೆ ಏನು ಕಲಿಸ್ತಿದೀರಿ, ಯಾಕೆ ಕಲಿಸ್ತಿದೀರಿ ಅಂತ ಮೊದಲ ವರ್ಷದ ಮಕ್ಕಳು ಕೇಳಿ, ದೊಡ್ಡೋರು ಕೂತು ಉತ್ತರ ಕೊಡಬೇಕಾಗಿ ಬಂತಲ್ಲ, ಅದು ನೂರಹತ್ತು ಜನರ ಕ್ಲಾಸಲ್ಲಿ ಆಗೋ ಮಾತಲ್ಲ.

ನಮ್ಮಲ್ಲಿ ಇದರ ರುಚಿ ಸ್ವಲ್ಪ ಸ್ವಲ್ಪ ಬಂದಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯ ಡಿಗ್ರಿ ಇದೇ ಜಾಡಲ್ಲಿದೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಅಂತ ಕರ್ನಾಟಕ ಎಲ್ರಿಗಿಂತ ಮೊದಲು ನಾಲ್ಕು ವರ್ಷದ ಡಿಗ್ರಿ ತಂತು, ಓಪನ್ ಎಲೆಕ್ಟಿವ್ ಬಂತು, ಕಾಮರ್ಸ್ ಹುಡುಗ ಬೇರೆ ವಿಷಯಾನೂ ಓದಬಹುದು ಅಂತಾಯ್ತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ವಾಪಸ್. ಪರಿಚಯದ ಲೆಕ್ಚರರ್ ಒಬ್ರು ಹೇಳ್ತಿದ್ರು, ಎಲೆಕ್ಟಿವ್ ಪಟ್ಟೀಲಿ ಹತ್ತು ವಿಷಯ, ಹೇಳಿಕೊಡೋಕೆ ಜನ ಇದ್ದಿದ್ದು ಎರಡಕ್ಕೇ, ಮಕ್ಕಳೆಲ್ಲ ಆ ಎರಡಕ್ಕೇ ಸೇರಿದ್ರು ಅಂತ. ಸಿಲಬಸ್ ಪುಸ್ತಕದ ಮೇಲೆ ಬದಲಾಯಿಸೋದು ಸುಲಭ, ಹನ್ನೆರಡು ಜನಕ್ಕೆ ಒಬ್ಬ ಮೇಷ್ಟ್ರನ್ನ ಕೊಡೋದಕ್ಕೆ ದುಡ್ಡು ಬೇಕು. ಅಮೆರಿಕಾದ ಆ ಹೆಸರುವಾಸಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತೆ, ಸುಮ್ಮನೆ ಅಲ್ಲ ಅದು. ಆಮ್ಹರ್ಸ್ಟ್ ತರದ ಬೆರಳೆಣಿಕೆಯ ಕಡೆ ಮಾತ್ರ ಹೊರದೇಶದ ಮಕ್ಕಳಿಗೂ, ಅಪ್ಪ ಅಮ್ಮನ ಹತ್ರ ಎಷ್ಟಿದೆ ಅಂತ ನೋಡದೆ ಸೀಟು ಕೊಟ್ಟು, ಬೇಕಾದಷ್ಟು ಸಹಾಯಾನೂ ಮಾಡ್ತಾರೆ. ಸೇರೋ ಆಸೆ ಇರೋ ಮಕ್ಕಳ ಮನೆಯೋರು ಇದನ್ನ ಮೊದಲು ವಿಚಾರಿಸಿ.

ಅಕ್ಕನ ಮಗಳು ಡಿಸೆಂಬರಲ್ಲಿ ಕೋರ್ಸ್ ಬಗ್ಗೆ ಅಭಿಪ್ರಾಯದ ಫಾರ್ಮ್ ತುಂಬೋಕೆ ಎರಡು ಗಂಟೆ ತಗೊಂಡ್ಲಂತೆ. ಪೇಪರ್ ತಿದ್ದಿ ಕೊಡೋಕೆ ಮೂರು ವಾರ ಮಾಡ್ತಾರೆ, ಅಷ್ಟರಲ್ಲಿ ಮುಂದಿನದ್ದು ಬರೆದು ಮುಗಿಸಿರ್ತೀವಿ, ಅದೇ ತಪ್ಪು ಮತ್ತೆ ಮಾಡಿರ್ತೀವಿ, ದಯವಿಟ್ಟು ಬೇಗ ಕೊಡಿ ಅಂತ ಬರೆದ್ಲು. ಓದದೆ ಬಂದ ದಿನ ನನ್ನನ್ನ ಕೇಳಿದ ರೀತಿ ಮರೆಯಲ್ಲ ಅಂತಾನೂ ಬರೆದ್ಲು. ಅಲ್ಲಿ ಎಲ್ರೂ ಆ ಪ್ರೊಫೆಸರನ್ನ ಹೆಸರು ಹಿಡಿದೇ ಮಾತಾಡಿಸ್ತಾರೆ, ಇವಳಿಗೆ ಇನ್ನೂ ನಾಲಿಗೆ ತಿರುಗಲ್ಲ, ಪ್ರೊಫೆಸರ್ ಅಂತಲೇ ಕರೀತಾಳೆ. ಮುಂದಿನ ಟರ್ಮಲ್ಲಿ ಅವರದ್ದೇ ಇನ್ನೊಂದು ಕೋರ್ಸಿದೆ, ಹದಿನೈದು ಸೀಟು, ಇವಳು ವೇಟ್‌ಲಿಸ್ಟಲ್ಲಿ ನಾಲ್ಕನೇ ನಂಬರ್, ದಿನಕ್ಕೆ ಮೂರು ಸಲ ತೆಗೆದು ನೋಡ್ತಾಳಂತೆ.